ದಂಡ ಕಟ್ಟಿದವರು ಬೇರೆ: 2007ರ ವಿಶ್ವಕಪ್ ತಂಡಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ರಾಹುಲ್ ದ್ರಾವಿಡ್ ಅವರಿಗೆ, ಹಾಗೂ 2007ರ ವಿಶ್ವಕಪ್‌ಗೆಂದು ನಿಮ್ಮ ಜೊತೆ ವೆಸ್ಟ್ ಇಂಡೀಸ್‌ಗೆ ಬಂದಿದ್ದ ಉಳಿದ ಹದಿನಾಲ್ಕು ಆಟಗಾರರಿಗೆ ನಮಸ್ಕಾರ.

ಮೂರೇ ಪಂದ್ಯ ಆಡಿ ವಾಪಸಾದ ಆ ಪ್ರವಾಸದ ಬಗ್ಗೆ ನಿಮ್ಮನ್ನು ಬೈಯಬೇಕೆಂದಿದ್ದವರೆಲ್ಲ ಬೈದು ಮುಗಿಸಿ ಎಷ್ಟೋ ವರ್ಷಗಳಾದವು. ರಾಂಚಿಯಲ್ಲಿ ಧೋನಿಯವರು ಕಟ್ಟಿಸುತ್ತಿದ್ದ ಮನೆಗೆ ಜನ ನುಗ್ಗಿ ಹಾನಿ ಮಾಡಿದರು. ಅಲ್ಲಲ್ಲಿ ನಿಮ್ಮ ಪ್ರತಿಕೃತಿ ಸುಟ್ಟರು, ಅಣಕು ಶವಯಾತ್ರೆ ಹೊರಡಿಸಿದರು. ಆಟದಲ್ಲಿ ಸೋತು ಬಂದವರಿಗೆ ಹೀಗೆ ಮಾಡುವುದು ಹೇಸಿಗೆಯ ಕೆಲಸ. ಅದನ್ನು ಅಭಿಮಾನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಆ ಸೋಲಿನ ನಂತರ ವಿಶ್ವ ಕ್ರಿಕೆಟ್ಟಿನ ಆಡಳಿತ ಒಂದು ದಂಡ ವಿಧಿಸಿತು. ಅದನ್ನು ನೀವು ಕಟ್ಟಲಿಲ್ಲ, ನಮ್ಮ ಕ್ರಿಕೆಟ್ ಮಂಡಳಿಯೂ ಕಟ್ಟಲಿಲ್ಲ. ಕಟ್ಟಿದವರು ಐರ್ಲೆಂಡಿನವರು, ಸ್ಕಾಟ್ಲೆಂಡಿನವರು, ಅಂಥ ಇನ್ನೂ ಹಲವರು. ಅವರ ವಿಷಯದಲ್ಲಿ ನಿಮ್ಮಿಂದ ಒಂದು ಸಹಾಯ ಬೇಕಾಗಿದೆ.

ಮೊದಲು ಮಾರ್ಚ್ 17ರ ಪಂದ್ಯ. ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಟಾಸ್ ಗೆದ್ದು ಬ್ಯಾಟಿಂಗ್ ಆಯ್ದುಕೊಂಡಿರಿ. ಎದುರಿಗಿದ್ದದ್ದು ಬಾಂಗ್ಲಾದೇಶ. ಮಷ್ರಫೆ ಮುರ್ತಜಾ ಆರಂಭದಲ್ಲೇ ಸೆಹ್ವಾಗ್ ಅವರನ್ನು ಬೌಲ್ಡ್ ಮಾಡಿದರು. 72 ರನ್ ಆಗುವಷ್ಟರಲ್ಲಿ ನಾಲ್ಕು ವಿಕೆಟ್ ಬಿದ್ದಿದ್ದವು. ತೆಂಡೂಲ್ಕರ್ 7, ನೀವು 14. ಗಂಗೂಲಿ ಮತ್ತು ಯುವರಾಜ್ ಹೇಗೋ ನಿಂತು 157ರವರೆಗೆ ಎಳೆದು ತಂದರು. ಮುಂದಿನ ಎರಡು ರನ್ ಸೇರುವಷ್ಟರಲ್ಲಿ ಐದು ವಿಕೆಟ್ ಹೋದವು. ಧೋನಿ, ಹರ್ಭಜನ್, ಅಗರ್ಕರ್ ಮೂವರದೂ ಸೊನ್ನೆ. ಕೊನೆಯ ಜೋಡಿ ಜಹೀರ್ ಮತ್ತು ಮುನಾಫ್ ಸೇರಿಸಿದ 32 ರನ್ ಇಲ್ಲದಿದ್ದರೆ 191 ಕೂಡ ಆಗುತ್ತಿರಲಿಲ್ಲ.

ಆ ಹತ್ತು ವಿಕೆಟ್‌ಗಳಲ್ಲಿ ಆರು ಅಬ್ದುರ್ ರಜಾಕ್ ಮತ್ತು ಮೊಹಮ್ಮದ್ ರಫೀಕ್ ಎಂಬ ಇಬ್ಬರು ಎಡಗೈ ಸ್ಪಿನ್ನರ್‌ಗಳ ಪಾಲಾದವು. ಚೆಂಡು ನಿಧಾನವಾಗಿ ಬಂದು ತಿರುಗುತ್ತಿದ್ದ ಆ ಪಿಚ್‌ನಲ್ಲಿ ಅನಿಲ್ ಕುಂಬ್ಳೆ ಹನ್ನೊಂದರ ಬಳಗದಲ್ಲಿ ಇರಲಿಲ್ಲ. ಬೆಂಗಳೂರಿನ ನಾಯಕರೇ ಬೆಂಗಳೂರಿನ ಕುಂಬ್ಳೆಯವರನ್ನು ಹೊರಗೆ ಕೂರಿಸಿದಿರಿ ಎಂಬ ಊರಭಿಮಾನದ ದೂರು ಇದಲ್ಲ. ಬಾಂಗ್ಲಾ ಮೂವರು ಎಡಗೈ ಸ್ಪಿನ್ನರ್‌ಗಳನ್ನು ಕಟ್ಟಿಕೊಂಡು ಬಂದಿತ್ತು. ನೆಲ ಹೇಗಿದೆ ಎಂದು ಅವರು ನೋಡಿದ್ದರು, ನಾವು ನೋಡಿರಲಿಲ್ಲ. ಕುಂಬ್ಳೆ ಆ ವಿಶ್ವಕಪ್‌ನಲ್ಲಿ ಆಡಿದ್ದು ಬರ್ಮುಡಾ ವಿರುದ್ಧದ ಒಂದೇ ಪಂದ್ಯ. ಅದೇ ಅವರ ಕೊನೆಯ ಏಕದಿನ ಪಂದ್ಯವೂ ಆಯಿತು. 337 ವಿಕೆಟ್ ಪಡೆದವರು ಮಾರ್ಚ್ ಮುಗಿಯುವುದರೊಳಗೆ ಏಕದಿನ ಕ್ರಿಕೆಟ್‌ಗೆ ವಿದಾಯ ಹೇಳಿಬಿಟ್ಟರು. ಅದು ಈಗಲೂ ನನ್ನಂಥವರ ಮನಸ್ಸಿಗೆ ಚುಚ್ಚುತ್ತದೆ.

ಆದರೆ ಆ ದಿನವನ್ನು ಬರೀ ನಿಮ್ಮ ತಪ್ಪುಗಳ ದಿನ ಎಂದು ನೆನೆಯುವುದು ಬಾಂಗ್ಲಾದೇಶಕ್ಕೆ ಮಾಡುವ ಅನ್ಯಾಯ. ಪಂದ್ಯದ ಹಿಂದಿನ ದಿನ ಅವರ ಜೊತೆಗಾರ ಮಂಜುರುಲ್ ಇಸ್ಲಾಂ ರಾಣಾ ಖುಲ್ನಾ ಬಳಿ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದರು. ಇನ್ನೂ 22 ವರ್ಷ. ಮಷ್ರಫೆಗೆ ಆಪ್ತ ಗೆಳೆಯ. ಆ ಸುದ್ದಿ ಕೇಳಿ ಮಾರನೆಯ ದಿನ ಚೆಂಡು ಹಿಡಿದು ಓಡಿಬಂದ ಮಷ್ರಫೆ 38 ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದರು, ಪಂದ್ಯಶ್ರೇಷ್ಠರಾದರು. ಆಮೇಲೆ ಬ್ಯಾಟಿಂಗ್‌ಗೆ ಬಂದ ತಮೀಮ್ ಇಕ್ಬಾಲ್‌ಗೆ ಹದಿನೆಂಟು ತುಂಬಲು ಇನ್ನೂ ಮೂರು ದಿನ ಬಾಕಿ ಇತ್ತು. ಆ ಹುಡುಗ ಕ್ರೀಸ್ ಬಿಟ್ಟು ನಡೆದು ಬಂದು ಜಹೀರ್ ಖಾನ್ ಅವರ ಎಸೆತವನ್ನು ಸಿಕ್ಸರ್‌ಗೆ ಎತ್ತಿದ. ಅದನ್ನು ನೋಡಿದ ಯಾರೂ ಮರೆತಿರಲಾರರು. 53 ಎಸೆತಗಳಲ್ಲಿ 51. ಮುಷ್ಫಿಕುರ್ ರಹೀಮ್ ಮತ್ತು ಶಕೀಬ್ ಅಲ್ ಹಸನ್ ಇಬ್ಬರಿಗೂ ಆಗ ಹತ್ತೊಂಬತ್ತು. ಮುಷ್ಫಿಕುರ್ ಔಟಾಗದೆ 56, ಶಕೀಬ್ 53. ಮೂವರೂ ಹದಿಹರೆಯದವರು, ಮೂವರದೂ ಅರ್ಧಶತಕ. ಮುಂದೆ ಒಂದೂವರೆ ದಶಕ ಬಾಂಗ್ಲಾ ಕ್ರಿಕೆಟ್ಟನ್ನು ಹೆಗಲ ಮೇಲೆ ಹೊತ್ತವರು ಇವರೇ. ಅವರನ್ನು ಜಗತ್ತಿಗೆ ಪರಿಚಯಿಸಿದ್ದು ನಿಮ್ಮ ಎದುರಿನ ಆ ಒಂದು ಮಧ್ಯಾಹ್ನ.

ಅದಕ್ಕೆ ಮುನ್ಸೂಚನೆಯೂ ಸಿಕ್ಕಿತ್ತು. 2004ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಇದೇ ಬಾಂಗ್ಲಾ ಭಾರತವನ್ನು 15 ರನ್‌ಗಳಿಂದ ಸೋಲಿಸಿತ್ತು. 2005ರ ಜೂನ್‌ನಲ್ಲಿ ಕಾರ್ಡಿಫ್‌ನಲ್ಲಿ ಆಸ್ಟ್ರೇಲಿಯಾವನ್ನೇ ಮಣಿಸಿತ್ತು. ನಮ್ಮ ಪತ್ರಿಕೆ, ಟಿವಿ, ಜಾಹೀರಾತುಗಳು ಮಾತ್ರ ಆ ಪಂದ್ಯವನ್ನು ಶಾಸ್ತ್ರಕ್ಕೆ ಆಡುವ ಪಂದ್ಯ ಎನ್ನುವಂತೆ ನಡೆದುಕೊಂಡವು.

ಎರಡು ದಿನ ಬಿಟ್ಟು ಬರ್ಮುಡಾ. ಆ ದ್ವೀಪದ ಒಟ್ಟು ಜನಸಂಖ್ಯೆ ಸುಮಾರು 65 ಸಾವಿರ, ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಹದಿನೇಳರ ಹುಡುಗ ಮಲಾಕಿ ಜೋನ್ಸ್ ಎಸೆದ ಮೊದಲ ಎಸೆತಕ್ಕೇ ರಾಬಿನ್ ಉತ್ತಪ್ಪ ಅವರ ಬ್ಯಾಟಿನ ಅಂಚು ತಗುಲಿತು. ಸ್ಲಿಪ್‌ನಲ್ಲಿ ನಿಂತಿದ್ದವರು ಡ್ವೇನ್ ಲೆವೆರಾಕ್. ಭಾರೀ ದೇಹದ ಮನುಷ್ಯ, ಕೆಲಸ ಪೊಲೀಸ್ ಇಲಾಖೆಯಲ್ಲಿ. ಆ ದೇಹ ಬಲಗಡೆಗೆ ಹಾರಿ ಒಂದೇ ಕೈಯಲ್ಲಿ ಕ್ಯಾಚ್ ಹಿಡಿಯಿತು. ನೆಲ ಮುಟ್ಟಿ ಎದ್ದವರೇ ಮೈದಾನದ ತುಂಬ ಓಡಾಡಿದರು, ಜೊತೆಗಾರರು ಹಿಂದೆ ಓಡಿದರು. ಉತ್ತಪ್ಪ ಕೊಡಗಿನವರು, ನಮ್ಮವರು; ಅವರು ಔಟಾದದ್ದಕ್ಕೆ ಬೇಜಾರಾಯಿತು, ನಿಜ. ಆದರೂ ಆ ಓಟ ಕಂಡು ಸಂತೋಷವಾಗದೆ ಇರಲಿಲ್ಲ. ನೀವು ಆ ದಿನ 5 ವಿಕೆಟ್‌ಗೆ 413 ಮಾಡಿದಿರಿ. ವಿಶ್ವಕಪ್‌ನಲ್ಲಿ ಯಾವುದೇ ತಂಡ 400 ದಾಟಿದ್ದು ಅದೇ ಮೊದಲು. 257 ರನ್‌ಗಳ ಗೆಲುವು. ಅಂಕಪಟ್ಟಿ ಬಿಟ್ಟರೆ ಆ 413ರಲ್ಲಿ ಜನಕ್ಕೆ ಈಗ ಏನು ನೆನಪಿದೆ? ಲೆವೆರಾಕ್ ಕ್ಯಾಚ್ ಎಲ್ಲರಿಗೂ ನೆನಪಿದೆ.

ಬರ್ಮುಡಾ ಮತ್ತೆ ಎಂದೂ ವಿಶ್ವಕಪ್‌ಗೆ ಬರಲಿಲ್ಲ. 2009ರಲ್ಲಿ ಏಕದಿನ ಮಾನ್ಯತೆಯನ್ನೂ ಕಳೆದುಕೊಂಡಿತು.

ಮಾರ್ಚ್ 23ರಂದು ಶ್ರೀಲಂಕಾ ಎದುರು 255 ರನ್ ಬೆನ್ನಟ್ಟಿ 185ಕ್ಕೆ ಆಲೌಟ್ ಆದಿರಿ. ನಿಮ್ಮದು 60 ರನ್. ತೆಂಡೂಲ್ಕರ್ ಸೊನ್ನೆ, ಧೋನಿ ಸೊನ್ನೆ. ಬರ್ಮುಡಾ ಬಾಂಗ್ಲಾವನ್ನು ಸೋಲಿಸಲಿ ಎಂದು ಇಡೀ ದೇಶ ಎರಡು ದಿನ ಹರಕೆ ಹೊತ್ತಿತು. ಮಳೆಯ ನಡುವೆ ಬಾಂಗ್ಲಾ ಏಳು ವಿಕೆಟ್‌ಗಳಿಂದ ಗೆದ್ದು ಆ ಆಸೆಯೂ ಮುಗಿಯಿತು. ಕೋಚ್ ಗ್ರೆಗ್ ಚಾಪೆಲ್ ಏಪ್ರಿಲ್ ಮೊದಲ ವಾರದಲ್ಲಿ ಹುದ್ದೆ ಬಿಟ್ಟರು. ಯಾರ ಬ್ಯಾಟಿಂಗ್ ಕ್ರಮಾಂಕವನ್ನು ಯಾರು ಬದಲಿಸಿದರು, ಡ್ರೆಸ್ಸಿಂಗ್ ರೂಮಿನಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದರು ಎಂಬುದರ ಮೇಲೆ ಆತ್ಮಕಥೆಗಳೇ ಬಂದಿವೆ. ಆ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ.

ನನ್ನನ್ನು ಕಾಡುವುದು ಏಪ್ರಿಲ್ 15ರ ಪಂದ್ಯ. ಆ ದಿನ ಬಾರ್ಬಡೋಸ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ–ಪಾಕಿಸ್ತಾನ ಸೂಪರ್ ಎಂಟರ ಪಂದ್ಯ ನಡೆಯುತ್ತದೆಂದು ಎಲ್ಲರೂ ಲೆಕ್ಕ ಹಾಕಿಟ್ಟಿದ್ದರು. ಪ್ರವಾಸಿ ಕಂಪನಿಗಳು, ಟಿವಿಯವರು, ಜಾಹೀರಾತಿನವರು ಎಲ್ಲರೂ ಆ ಭಾನುವಾರದ ಮೇಲೆ ದುಡ್ಡು ಹೂಡಿದ್ದರು. ಆದರೆ ನೀವು ಬಾಂಗ್ಲಾ ಎದುರು ಸೋತ ದಿನವೇ ಜಮೈಕಾದಲ್ಲಿ ಪಾಕಿಸ್ತಾನ ಐರ್ಲೆಂಡ್‌ಗೆ ಸೋತಿತ್ತು. ಹೀಗಾಗಿ ಅವತ್ತು ಬಾರ್ಬಡೋಸ್‌ನಲ್ಲಿ ಆಡಿದ್ದು ಐರ್ಲೆಂಡ್ ಮತ್ತು ಬಾಂಗ್ಲಾದೇಶ. ಐರ್ಲೆಂಡ್ 74 ರನ್‌ಗಳಿಂದ ಗೆದ್ದಿತು. ಅದಕ್ಕೆ ಒಂದು ವಾರ ಮೊದಲು ಬಾಂಗ್ಲಾ, ಆಗ ರ‍್ಯಾಂಕಿಂಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಆಫ್ರಿಕಾವನ್ನು ಗಯಾನಾದಲ್ಲಿ ಸೋಲಿಸಿತ್ತು. ಮೈದಾನದಲ್ಲಿ ಆದದ್ದೆಲ್ಲ ನ್ಯಾಯವಾಗಿಯೇ ಆಗಿತ್ತು. ನಷ್ಟವಾದದ್ದು ಲೆಕ್ಕದ ಪುಸ್ತಕದಲ್ಲಿ.

ಲೆಕ್ಕದ ಪುಸ್ತಕ ಗೆದ್ದಿತು. 2007ರಲ್ಲಿ 16 ತಂಡಗಳಿದ್ದವು. ನಾಲ್ಕು ಗುಂಪು, ಗುಂಪಿನಲ್ಲಿ ಪ್ರತಿ ತಂಡಕ್ಕೆ ಮೂರೇ ಪಂದ್ಯ, ಒಂದು ಕೆಟ್ಟ ದಿನ ಬಂದರೆ ಮನೆಗೆ. 2011 ಮತ್ತು 2015ರಲ್ಲಿ 14 ತಂಡಗಳಾದವು, ಪ್ರತಿ ತಂಡಕ್ಕೂ ಕನಿಷ್ಠ ಆರು ಪಂದ್ಯ ಖಾತ್ರಿ. 2019 ಮತ್ತು 2023ರಲ್ಲಿ 10 ತಂಡಗಳು, ಎಲ್ಲರ ವಿರುದ್ಧ ಎಲ್ಲರೂ, ಒಂಬತ್ತು ಪಂದ್ಯ ಖಾತ್ರಿ. ಪಂದ್ಯಾವಳಿ ಉದ್ದವಾಯಿತು, ಏಕಪಕ್ಷೀಯ ಪಂದ್ಯಗಳು ಹೆಚ್ಚು ಎಂದು ಕಾರಣ ಹೇಳಿದರು. ಹತ್ತು ತಂಡಗಳ 2019ರ ಪಂದ್ಯಾವಳಿಯೂ ಒಂದೂವರೆ ತಿಂಗಳು ಎಳೆಯಿತು. ಭಾರತ ಮೂರು ಪಂದ್ಯಕ್ಕೆ ಹೊರಬೀಳುವ ಸಂದರ್ಭ ಮತ್ತೊಮ್ಮೆ ಬರಬಾರದು ಎಂಬುದೇ ಇದರ ಹಿಂದಿನ ಮುಖ್ಯ ಕಾರಣ ಎಂದು ನಾನು ಖಂಡಿತವಾಗಿ ನಂಬುತ್ತೇನೆ. 2013ರಿಂದ ಈಚೆ ಪುರುಷರ ಏಕದಿನ ಮತ್ತು ಟಿ20 ವಿಶ್ವಮಟ್ಟದ ಪಂದ್ಯಾವಳಿಗಳಲ್ಲಿ ಭಾರತ, ಪಾಕಿಸ್ತಾನ ಒಂದೇ ಗುಂಪಿಗೆ ಬೀಳುತ್ತಾ ಬಂದಿರುವುದೂ ಚೀಟಿ ಎತ್ತಿ ಬಂದದ್ದಲ್ಲ.

ದ್ರಾವಿಡ್ ಅವರೇ, ಈ ಅನ್ಯಾಯದ ಒಂದು ಕೊಂಡಿ ನಿಮ್ಮೂರಲ್ಲೇ ಇದೆ. 2011ರ ಮಾರ್ಚ್ 2ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡ್ ಎದುರು ಇಂಗ್ಲೆಂಡ್ 327 ರನ್ ಮಾಡಿತ್ತು. ಐರ್ಲೆಂಡ್ 111ಕ್ಕೆ ಐದು ವಿಕೆಟ್ ಕಳೆದುಕೊಂಡು ಮುಗಿದೇ ಹೋಗಿತ್ತು. ತಲೆಗೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡಿದ್ದ ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ಶತಕ ಹೊಡೆದರು. ವಿಶ್ವಕಪ್‌ನಲ್ಲಿ ಅಲ್ಲಿಯವರೆಗಿನ ಅತಿ ವೇಗದ ಶತಕ ಅದು. ಐದು ಎಸೆತ ಉಳಿದಿರುವಂತೆ ಜಾನ್ ಮೂನಿ ಬೌಂಡರಿ ಹೊಡೆದು ಪಂದ್ಯ ಮುಗಿಸಿದರು. ಭಾರತ ಆಡದ ಪಂದ್ಯಕ್ಕೂ ಬೆಂಗಳೂರಿನ ಜನ ಬಂದು ಕೂತಿದ್ದರು, ಐರ್ಲೆಂಡ್ ಹೆಸರು ಹಿಡಿದು ಕೂಗಿದರು. ಇದಾಗಿ ಒಂದು ತಿಂಗಳಿಗೆ ಮುಂಬೈಯಲ್ಲಿ ಧೋನಿ ಕಪ್ ಎತ್ತಿದರು. ಫೈನಲ್ ಮುಗಿದ ಎರಡೇ ದಿನಕ್ಕೆ ಐಸಿಸಿ, ಮುಂದಿನ ವಿಶ್ವಕಪ್‌ನಲ್ಲಿ ಹತ್ತು ಪೂರ್ಣ ಸದಸ್ಯ ರಾಷ್ಟ್ರಗಳಿಗೆ ಮಾತ್ರ ಜಾಗ ಎಂದು ತೀರ್ಮಾನಿಸಿತು. ಚಿನ್ನಸ್ವಾಮಿಯಲ್ಲಿ ಇಂಗ್ಲೆಂಡನ್ನು ಕೆಡವಿದವರಿಗೆ ಬಾಗಿಲು ಬಂದ್. ಗಲಾಟೆಯಾಗಿ ಜೂನ್‌ನಲ್ಲಿ ಆ ತೀರ್ಮಾನ ಹಿಂತೆಗೆದುಕೊಂಡರು, 2015ಕ್ಕೆ ಹದಿನಾಲ್ಕು ಉಳಿಯಿತು. 2019ಕ್ಕೆ ಆ ಅಂಕಿ ಹತ್ತಕ್ಕೆ ಇಳಿದೇಬಿಟ್ಟಿತು. ಆ ವರ್ಷವೂ 2023ರಲ್ಲೂ ಐರ್ಲೆಂಡ್ ವಿಶ್ವಕಪ್‌ನಲ್ಲಿ ಇರಲಿಲ್ಲ.

ಸ್ಕಾಟ್ಲೆಂಡಿನ ಕಥೆ ಇನ್ನೂ ಹೊಟ್ಟೆ ಉರಿಸುವಂಥದ್ದು. 2018ರ ಮಾರ್ಚ್‌ನಲ್ಲಿ ಹರಾರೆಯಲ್ಲಿ ಅರ್ಹತಾ ಪಂದ್ಯ, ಎದುರಾಳಿ ವೆಸ್ಟ್ ಇಂಡೀಸ್. ರಿಚಿ ಬೆರಿಂಗ್ಟನ್ ಅವರಿಗೆ ಎಲ್‌ಬಿಡಬ್ಲ್ಯು ತೀರ್ಪು ಕೊಟ್ಟರು. ಚೆಂಡು ಲೆಗ್ ಸ್ಟಂಪ್‌ನ ಆಚೆ ಹೋಗುತ್ತಿತ್ತು. ಆ ಪಂದ್ಯಾವಳಿಗೆ ಮರುಪರಿಶೀಲನೆಯ ವ್ಯವಸ್ಥೆಯನ್ನೇ ಇಟ್ಟಿರಲಿಲ್ಲ. ಆಮೇಲೆ ಮಳೆ ಬಂತು. ಡಕ್ವರ್ತ್–ಲೂಯಿಸ್–ಸ್ಟರ್ನ್ ಲೆಕ್ಕದಲ್ಲಿ ಐದು ರನ್‌ಗಳಿಂದ ಸ್ಕಾಟ್ಲೆಂಡ್ ಸೋತಿತು, ವಿಶ್ವಕಪ್ ತಪ್ಪಿತು. ಐದು ರನ್‌ಗೆ ಒಂದು ದೇಶದ ಕ್ರಿಕೆಟ್ಟು ನಾಲ್ಕು ವರ್ಷ ಹಿಂದಕ್ಕೆ ಹೋಗುತ್ತದೆ: ಪ್ರಾಯೋಜಕರು ಬರುವುದಿಲ್ಲ, ಆಟಗಾರರಿಗೆ ಸಂಬಳದ ಒಪ್ಪಂದ ಸಿಗುವುದಿಲ್ಲ, ಶಾಲೆಯ ಮಕ್ಕಳು ಫುಟ್‌ಬಾಲ್ ಕಡೆ ಹೋಗುತ್ತಾರೆ. ಹದಿನಾಲ್ಕು ತಂಡಗಳ ಪಂದ್ಯಾವಳಿಯಾಗಿದ್ದರೆ ಆ ಒಂದು ತಪ್ಪು ತೀರ್ಪಿನ ಮೇಲೆ ಇಷ್ಟೊಂದು ನಿಲ್ಲುತ್ತಿರಲಿಲ್ಲ.

ಸ್ಕಾಟ್ಲೆಂಡಿನ ಮಾತು ನಿಮಗೆ ಹೇಳುವುದಕ್ಕೆ ಕಾರಣವಿದೆ. 2003ರಲ್ಲಿ ನೀವೇ ಆ ತಂಡದ ಪರ ಆಡಿದ್ದಿರಿ. ಇಂಗ್ಲೆಂಡಿನ ಕೌಂಟಿ ತಂಡಗಳ ವಿರುದ್ಧ ಏಕದಿನ ಲೀಗ್‌ನಲ್ಲಿ 600 ರನ್ ಹೊಡೆದಿರಿ. ಅದೇ ವರ್ಷ ವಿಶ್ವಕಪ್ ಫೈನಲ್ ಆಡಿ ಬಂದ ಆಟಗಾರ, ದುಡ್ಡಿಲ್ಲದ, ಜನವಿಲ್ಲದ ಒಂದು ಸಣ್ಣ ಕ್ರಿಕೆಟ್ ದೇಶದ ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಬೇಸಿಗೆ ಕಳೆದರು. ಅಂಥವರ ಆಸೆ ಏನು, ಕೊರತೆ ಏನು ಎಂದು ಹತ್ತಿರದಿಂದ ನೋಡಿದವರು ನಿಮ್ಮ ತಂಡದಲ್ಲಿ ನಿಮ್ಮಷ್ಟು ಬೇರೆ ಯಾರೂ ಇರಲಿಲ್ಲ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರು ತೋಳಿನ ಮೇಲೆ ನಮ್ಮ ಕೆಎಂಎಫ್‌ನ ನಂದಿನಿ ಹೆಸರು ಹೊತ್ತು ಆಡಿದರು. ಹಾಸನದ, ಮಂಡ್ಯದ, ಕೋಲಾರದ ಡೇರಿಗೆ ಬೆಳಗ್ಗೆ ಹಾಲು ಹಾಕುವವರ ದುಡ್ಡು ಆ ಹುಡುಗರ ಬೆನ್ನಿಗೆ ನಿಂತಿತು. ಹಾಲಿನ ಒಕ್ಕೂಟಕ್ಕೆ ಸಾಧ್ಯವಾದದ್ದು ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಮಂಡಳಿಗೆ ಯಾಕೆ ಸಾಧ್ಯವಿಲ್ಲ?

ಇನ್ನೊಂದು ಮಾತು. ನಮ್ಮದೂ ಸಣ್ಣ ತಂಡವೇ ಆಗಿತ್ತು. 1975 ಮತ್ತು 1979ರ ಎರಡು ವಿಶ್ವಕಪ್ ಸೇರಿ ಭಾರತ ಗೆದ್ದದ್ದು ಒಂದೇ ಪಂದ್ಯ, ಅದೂ ಪೂರ್ವ ಆಫ್ರಿಕಾ ಮೇಲೆ. 1979ರಲ್ಲಿ ಟೆಸ್ಟ್ ಮಾನ್ಯತೆಯೇ ಇಲ್ಲದಿದ್ದ ಶ್ರೀಲಂಕಾ ನಮ್ಮನ್ನು ಸೋಲಿಸಿತ್ತು. ಇವರು ಬಂದರೆ ಪಂದ್ಯಗಳು ಏಕಪಕ್ಷೀಯವಾಗುತ್ತವೆ ಎಂದು ಆಗ ಯಾರಾದರೂ ನಮ್ಮನ್ನು ಹೊರಗಿಟ್ಟಿದ್ದರೆ 1983 ಇರುತ್ತಿರಲಿಲ್ಲ. ಟನ್‌ಬ್ರಿಜ್ ವೆಲ್ಸ್‌ನಲ್ಲಿ 17ಕ್ಕೆ 5 ವಿಕೆಟ್ ಬಿದ್ದ ಮೇಲೆ ಕಪಿಲ್ ದೇವ್ ಹೊಡೆದ 175 ಇರುತ್ತಿರಲಿಲ್ಲ, ಒಂಬತ್ತನೆಯ ವಿಕೆಟ್‌ಗೆ ಅವರ ಜೊತೆ 126 ರನ್ ಸೇರಿಸಿದ ನಮ್ಮ ಕಿರ್ಮಾನಿ ಇರುತ್ತಿರಲಿಲ್ಲ, ಪಂದ್ಯಾವಳಿಯಲ್ಲೇ ಅತಿ ಹೆಚ್ಚು 18 ವಿಕೆಟ್ ಪಡೆದ ರೋಜರ್ ಬಿನ್ನಿ ಇರುತ್ತಿರಲಿಲ್ಲ. ಆ ದಿನ ನಮ್ಮನ್ನು 17ಕ್ಕೆ 5 ಮಾಡಿದ್ದು ಅರ್ಹತಾ ಪಂದ್ಯಾವಳಿ ಗೆದ್ದು ಬಂದ ಜಿಂಬಾಬ್ವೆ ಎಂಬುದನ್ನೂ ನೆನಪಿಡಬೇಕು.

ನೀವೇ ಕೋಚ್ ಆಗಿ 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಎತ್ತಿದಿರಿ. ಐರ್ಲೆಂಡ್, ಬಾಂಗ್ಲಾ ಆಡಿದ್ದ ಅದೇ ಕೆನ್ಸಿಂಗ್ಟನ್ ಓವಲ್. ಕಪ್ ಕೈಗೆ ಬಂದಾಗ ನೀವು ಕೂಗಿದ್ದನ್ನು ನೋಡಿ ಇಲ್ಲಿ ಎಷ್ಟೋ ಮನೆಗಳಲ್ಲಿ ಕಣ್ಣು ಒದ್ದೆಯಾಯಿತು. ಆ ಪಂದ್ಯಾವಳಿಯಲ್ಲಿ ಇದ್ದದ್ದು ಇಪ್ಪತ್ತು ತಂಡಗಳು. ಡಲ್ಲಾಸ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೋಲಿಸಿತು. ಅಮೆರಿಕ ಪರ ಮೂರು ವಿಕೆಟ್ ಪಡೆದ ನಾಸ್ತುಷ್ ಕೆಂಜಿಗೆ ಬೆಂಗಳೂರಿನಲ್ಲಿ ಕ್ರಿಕೆಟ್ ಕಲಿತ ಹುಡುಗ. ಇಪ್ಪತ್ತು ತಂಡಗಳು ಬಂದದ್ದರಿಂದ ಕಪ್‌ನ ತೂಕವೇನೂ ಕಡಿಮೆಯಾಗಲಿಲ್ಲ. ಟಿ20ಗೆ ಸರಿಹೋದದ್ದು ಏಕದಿನಕ್ಕೂ ಸರಿಹೋಗುತ್ತದೆ.

ಈಗ ನಾನು ಕೇಳಬೇಕೆಂದಿರುವ ಸಹಾಯ. ನಿಮ್ಮ 2007ರ ತಂಡದವರು ಇವತ್ತು ಸುಮ್ಮನೆ ಕೂತ ಮಾಜಿಗಳಲ್ಲ. ಕುಂಬ್ಳೆ ಒಂಬತ್ತು ವರ್ಷ ಐಸಿಸಿಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದರು, ಆಮೇಲೆ ಆ ಕುರ್ಚಿಗೆ ಬಂದವರು ಗಂಗೂಲಿ. ಗಂಗೂಲಿ ಭಾರತೀಯ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಅಗರ್ಕರ್ 2023ರಲ್ಲಿ ಆಯ್ಕೆ ಸಮಿತಿಯ ಮುಖ್ಯಸ್ಥರಾದರು. ಸೆಹ್ವಾಗ್, ಹರ್ಭಜನ್, ಉತ್ತಪ್ಪ, ಕಾರ್ತಿಕ್ ಮೈಕ್ ಹಿಡಿದರೆ ಕೋಟ್ಯಂತರ ಜನ ಕೇಳುತ್ತಾರೆ. ತೆಂಡೂಲ್ಕರ್ ಒಂದು ಮಾತು ಆಡಿದರೆ ಮರುದಿನ ಮುಖಪುಟ. ನೀವಂತೂ ಅಳೆದು ತೂಗಿ ಮಾತಾಡುವವರು, ಅದಕ್ಕೇ ನಿಮ್ಮ ಮಾತಿಗೆ ಬೆಲೆ ಹೆಚ್ಚು.

2027ರ ವಿಶ್ವಕಪ್ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾಗಳಲ್ಲಿ, ಹದಿನಾಲ್ಕು ತಂಡಗಳೊಡನೆ ಎಂದು ಐಸಿಸಿ ಪ್ರಕಟಿಸಿದೆ. 2031ಕ್ಕೂ ಹದಿನಾಲ್ಕೇ, ಅದರ ಆತಿಥ್ಯ ಭಾರತ ಮತ್ತು ಬಾಂಗ್ಲಾದೇಶಕ್ಕೆ ಜಂಟಿಯಾಗಿ ಕೊಡುವುದಾಗಿ 2021ರಲ್ಲೇ ಹೇಳಿದ್ದಾರೆ. ಈ ಅಂಕಿ ಮತ್ತೆ ಹತ್ತಕ್ಕೆ ಇಳಿಯಬಾರದು. ಪ್ರಸಾರದ ಹಕ್ಕಿನ ಮುಂದಿನ ಹರಾಜು ಬಂದಾಗ, ಭಾರತ ಬೇಗ ಹೊರಬಿದ್ದರೆ ಏನು ಗತಿ ಎಂದು ಯಾರಾದರೂ ಕೇಳಿದಾಗ, ಆ ಕೋಣೆಯಲ್ಲಿ ಎದ್ದು ನಿಂತು ಉತ್ತರ ಹೇಳುವವರು ಬೇಕು. ಸೋಲುವ ಭಯವಿಲ್ಲದ ಪಂದ್ಯಾವಳಿ ವಿಶ್ವಕಪ್ ಅನ್ನಿಸಿಕೊಳ್ಳುವುದಿಲ್ಲ ಎಂದು ಹೇಳುವ ಅಧಿಕಾರ, ಮೂರೇ ಪಂದ್ಯಕ್ಕೆ ಸೋತು ಬಂದು ಅದರ ನೋವು ಪೂರ್ತಿ ಉಂಡ ನಿಮ್ಮ ಹದಿನೈದು ಜನಕ್ಕೆ ಇರುವಷ್ಟು ಬೇರೆ ಯಾರಿಗೂ ಇಲ್ಲ. ದಯವಿಟ್ಟು ಅದನ್ನು ಬಹಿರಂಗವಾಗಿ ಹೇಳಿ. ಜೊತೆಗೆ, ಭಾರತದ ಹಿರಿಯರ ತಂಡವಾಗಲಿ ‘ಎ’ ತಂಡವಾಗಲಿ ಪ್ರತಿ ವರ್ಷ ಒಂದು ಸರಣಿಯನ್ನು ಸ್ಕಾಟ್ಲೆಂಡ್, ನೆದರ್ಲೆಂಡ್ಸ್, ನೇಪಾಳದಂಥ ತಂಡಗಳ ಜೊತೆ ಅವರದೇ ನೆಲದಲ್ಲಿ ಆಡಬೇಕೆಂದು ಮಂಡಳಿಯನ್ನು ಕೇಳಿ. ನೀವು ಕೇಳಿದರೆ ಇಲ್ಲ ಎನ್ನುವುದು ಅವರಿಗೆ ಕಷ್ಟ.

ಇಂತಿ,
ನಿಮ್ಮ ಆಟ ನೋಡುತ್ತಾ ಬೆಳೆದ ಕರ್ನಾಟಕದ ಒಬ್ಬ ಅಭಿಮಾನಿ